ಮಗ ಹುಡುಕ್ತಿದ್ದಾನೆ, ಸ್ವಲ್ಪ ಬಿಡಿ

ಡಿಗ್ರಿ ರಿಸಲ್ಟ್ ಬರೋ ಹೊತ್ತಿಗೆ ಕಲಬುರಗಿಯ ನನ್ನ ಕೌನ್ಸೆಲಿಂಗ್ ರೂಮಿಗೆ ಒಂದೇ ಥರದ ದೂರು ಬರುತ್ತೆ. ಸೇಡಂ ಆಗಲಿ, ಆಳಂದ ಆಗಲಿ, ಚಿಂಚೋಳಿ ಆಗಲಿ, ಮಾತು ಅದೇ. "ಮೇಡಂ, ಮುಂದೇನು ಅಂತ ಕೇಳಿದ್ರ ಬಾಯಿ ಬಿಡಂಗಿಲ್ರಿ. ತಲಿಯೊಳಗ ಏನೋ ಆಗ್ಯದ. ನೀವೇ ಒಂದು ಮಾತು ಹೇಳಿ ಮುಗಿಸ್ರಿ." ಮುಗಿಸೋಕೆ ಏನಿದೆ? ಇಪ್ಪತ್ತು ವರ್ಷದ ಹುಡುಗನಿಗೆ ಮುಂದಿನ ದಾರಿ ಇನ್ನೂ ಕಾಣದೇ ಇರೋದು ಕಾಯಿಲೆ ಅಲ್ಲ. ಇದನ್ನೇ ಹೇಳಿ ಹೇಳಿ ಸಾಕಾಗಿದೆ.

1966ರಲ್ಲಿ ಜೇಮ್ಸ್ ಮಾರ್ಷಿಯಾ ಅನ್ನೋ ಮನೋವಿಜ್ಞಾನಿ, ಹರೆಯ ಅಂದ್ರೆ ನಾನು ಯಾರು ಅಂತ ಹುಡುಕಿಕೊಳ್ಳೋ ಕಾಲ ಅನ್ನೋ ಎರಿಕ್ ಎರಿಕ್‌ಸನ್ ಅವರ ವಿಚಾರವನ್ನೇ ಹಿಡಿದುಕೊಂಡು, ಕಾಲೇಜು ಹುಡುಗರನ್ನು ಕೂರಿಸಿ ಉದ್ಯೋಗ, ಧರ್ಮ, ರಾಜಕೀಯದ ಬಗ್ಗೆ ಮಾತಾಡಿಸಿದರು. ಅವರು ಗಮನಿಸಿದ್ದು ಎರಡೇ. ಇವನು ಬೇರೆ ಬೇರೆ ದಾರಿ ಹುಡುಕಿ ನೋಡಿದ್ದಾನಾ? ಯಾವುದಾದರೂ ಒಂದನ್ನು ಗಟ್ಟಿಯಾಗಿ ಹಿಡಿದಿದ್ದಾನಾ? ಹಾಗೆ ನಾಲ್ಕು ಗುಂಪಾದವು. ಹುಡುಕಿ ಹಿಡಿದವರು, ಹುಡುಕದೇ ಹಿಡಿದವರು, ಇನ್ನೂ ಹುಡುಕುತ್ತಿರುವವರು, ಹುಡುಕೋ ಗೋಜಿಗೇ ಹೋಗದವರು.

ನಮ್ಮ ಜನ ಎಡವೋದು ಕೊನೆಯ ಎರಡರಲ್ಲಿ. ಹುಡುಕುತ್ತಿರುವವನೂ ಗೊತ್ತಿಲ್ಲ ಅಂತಾನೆ, ಕೈಬಿಟ್ಟು ಕೂತವನೂ ಗೊತ್ತಿಲ್ಲ ಅಂತಾನೆ. ಮನೆಯವರಿಗೆ ಇಬ್ಬರೂ ಒಂದೇ. ಆದರೆ ಮೊದಲನೆಯವನು ಕೆಲಸದಲ್ಲಿದ್ದಾನೆ, ಆ ಕೆಲಸ ಹೊರಗೆ ಕಾಣಲ್ಲ ಅಷ್ಟೇ. ಇನ್ನೊಂದು ವಿಷಯ. ಹೀಗೆ ಹುಡುಕುವ ಹಂತದಲ್ಲಿರುವವರಿಗೇ ಆತಂಕ ಜಾಸ್ತಿ ಅಂತ ಅಧ್ಯಯನಗಳಲ್ಲಿ ಕಂಡಿದೆ. ಅಪ್ಪ ಹೇಳಿದ್ದನ್ನು ಹಾಗೇ ಒಪ್ಪಿಕೊಂಡವರಿಗೆ ಕಡಿಮೆ. ಹಾಗಾಗಿ ಮನೆಯವರು ಚಡಪಡಿಸೋ ಮಗನನ್ನು ನನ್ನ ಹತ್ರ ಕರ್ಕೊಂಡು ಬರ್ತಾರೆ, ಎಲ್ಲದಕ್ಕೂ "ಹೂಂ" ಅನ್ನೋ ಮಗಳ ಬಗ್ಗೆ ನಿಶ್ಚಿಂತೆಯಿಂದ ಇರ್ತಾರೆ. ಆ ಮಗಳಿಗೆ ತೊಂದರೆ ಆಗೇ ಆಗುತ್ತೆ ಅಂತ ನಾನು ಹೇಳ್ತಿಲ್ಲ, ಎಷ್ಟೋ ಜನ ಹಾಗೇ ಚೆನ್ನಾಗಿರ್ತಾರೆ. ಆದ್ರೂ ಅವಳನ್ನೂ ಒಮ್ಮೆ ಕೇಳಬೇಕು ಅಲ್ವಾ?

ಒಬ್ಬ ಬಿಎಸ್ಸಿ ಹುಡುಗ ಬಂದಿದ್ದ (ಗುರುತು ಸಿಗದಂತೆ ವಿವರ ಬದಲಿಸಿದ್ದೀನಿ). ಅಪ್ಪ ತೊಗರಿ ಬೆಳೆಯುವವರು. "ಹಗಲೂ ರಾತ್ರಿ ಮೊಬೈಲ್ ಹಿಡ್ಕೊಂಡೇ ಕೂಡ್ತಾನ್ರಿ" ಅಂದರು. ಅವರನ್ನು ಹೊರಗೆ ಕೂರಿಸಿ, ಅದರಲ್ಲಿ ಏನು ನೋಡ್ತೀಯಪ್ಪ ಅಂದೆ. ಗ್ಯಾಲರಿ ತೆಗೆದ. ತುಂಬ ತೊಗರಿ ಗಿಡಗಳು, ನೆಟೆ ರೋಗ ಬಂದು ನಿಂತಲ್ಲೇ ಒಣಗಿದವು. ಒಂದು ಫೋಟೊದಲ್ಲಿ ಕಾಂಡ ಸೀಳಿದ್ದ, ಒಳಗೆ ಕಪ್ಪು ಗೆರೆ. ಅದನ್ನು ಹಿಡ್ಕೊಂಡು ಕೃಷಿ ಸಂಶೋಧನಾ ಕೇಂದ್ರಕ್ಕೂ ಹೋಗಿ ಬಂದಿದ್ದ. ಪಿಎಸ್ಐ ಕೋಚಿಂಗ್ ಕ್ಲಾಸಲ್ಲೂ ಸ್ವಲ್ಪ ದಿನ ಕೂತಿದ್ದ. ಎಂಎಸ್ಸಿ ಮಾಡೋದಾ, ಪೊಲೀಸ್ ಆಗೋದಾ, ತೀರ್ಮಾನ ಆಗಿರಲಿಲ್ಲ. ಅವನು ಒಪ್ಪಿದ ಮೇಲೆ ಅಪ್ಪನನ್ನು ಒಳಗೆ ಕರೆದು ಫೋಟೊ ತೋರಿಸಿದೆವು. ತುಂಬ ಹೊತ್ತು ನೋಡಿ, "ಇದು ನಮ್ಮ ಹೊಲದ್ದೇ ಅದಲ್ಲೋ?" ಅಂದರು. ನನಗೆ ಇಬ್ಬರ ಮೇಲೂ ಪ್ರೀತಿ ಬಂತು.

2013ರಿಂದ, ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ಸಿಕ್ಕ ಮೀಸಲಾತಿಯಿಂದ ನಮ್ಮ ಭಾಗದ ಮಕ್ಕಳಿಗೆ ಸೀಟಿನಲ್ಲೂ ನೌಕರಿಯಲ್ಲೂ ಅವಕಾಶ ಹೆಚ್ಚಿದೆ. ಒಳ್ಳೇದೇ ಆಯ್ತು. ಆದರೆ ಮದುವೆ ಮನೆಯಲ್ಲಿ ಸಿಕ್ಕ ಮಾವ, ಕಾಕಾ ಎಲ್ಲರೂ "371(ಜೆ) ಸರ್ಟಿಫಿಕೇಟ್ ಅದ, ಇನ್ನೇನು ಯೋಚನಿ?" ಅಂತ ಕೇಳೋಕೆ ಶುರು ಮಾಡಿದರೆ ಆ ಹುಡುಗ ಬಾಯಿ ಮುಚ್ಚದೇ ಏನು ಮಾಡ್ತಾನೆ ಹೇಳಿ.

ಅದಕ್ಕೆ ಮುಂದೇನು ಮಾಡ್ತೀಯ ಅಂತ ಕೇಳಬೇಡಿ. ಈಚೆಗೆ ಏನು ನೋಡಿ ಬಂದೆ, ಯಾರ ಜೊತೆ ಮಾತಾಡಿದೆ ಅಂತ ಕೇಳಿ. ಹೇಳೋಕೆ ಏನಾದರೂ ಇದ್ದರೆ ಅವನು ಹುಡುಕ್ತಿದ್ದಾನೆ. ಏನೂ ಇಲ್ಲ ಅಂದ್ರೂ ಬೈಯಬೇಡಿ. ಜೊತೆಗೆ ಹೋಗಿ ಒಂದು ಕೆಲಸ, ಒಂದು ಕಚೇರಿ, ಒಂದು ಅಂಗಡಿ ತೋರಿಸಿ.

ಒಂದು ಎಚ್ಚರಿಕೆ ಮಾತ್ರ ಇರಲಿ. ಎರಡು ವಾರ ದಾಟಿದರೂ ನಿದ್ದೆ ಇಲ್ಲ, ಊಟ ಸೇರಲ್ಲ, ಮೊದಲು ಇಷ್ಟ ಇದ್ದದ್ದೂ ಬೇಡ ಅಂದ್ರೆ ಅದು ಬರೀ ಹುಡುಕಾಟ ಅಲ್ಲದಿರಬಹುದು, ಮನೋವೈದ್ಯರಿಗೆ ತೋರಿಸಿ. ಸಾಯೋ ಮಾತು ಬಂದರೆ ಎರಡು ವಾರ ಕಾಯೋದಲ್ಲ, ಅವತ್ತೇ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ-ಅಮ್ಮನೇ ಫೋನ್ ಮಾಡಬೇಕಂತ ಇಲ್ಲ, ಹಾಸ್ಟೆಲ್ ರೂಮ್‌ಮೇಟ್ ಮಾಡಿದರೂ ಆಗುತ್ತೆ.