ಆಷಾಢದಲ್ಲಿ ಮುಗಿಯುವ ಅಗ್ರಿಮೆಂಟು

2025ರ ಜೂನ್ ಮೊದಲ ವಾರ. ಒಬ್ಬ ಹುಡುಗ ಹಳೆಯ ಬಾಡಿಗೆ ಕರಾರು ಹಿಡಿದುಕೊಂಡು ನನ್ನ ಆಫೀಸಿಗೆ ಬಂದ. ಬನ್ನೇರುಘಟ್ಟ ರಸ್ತೆ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟು. ಬಾಡಿಗೆ 32,000, ಮೈಂಟೆನೆನ್ಸ್ 3,500 ಬೇರೆ. ಜುಲೈ 4ಕ್ಕೆ 11 ತಿಂಗಳು ಮುಗಿಯುತ್ತಿತ್ತು. ಓನರ್ ಆಂಟಿ ಫೋನ್ ಮಾಡಿ "ಈ ಸಲ 35 ಮಾಡ್ಕೊಳ್ಳೋಣಪ್ಪ" ಅಂದಿದ್ದರಂತೆ.

"ಹೊಸ ಅಗ್ರಿಮೆಂಟ್ ರೆಡಿ ಮಾಡಿಕೊಡಿ ಸಾರ್" ಅಂದ.

"ಕಮ್ಮಿ ಮಾಡಿ ಅಂತ ಕೇಳಿದ್ಯೇನಪ್ಪ?"

"ಕಮ್ಮಿನಾ? ಬೆಂಗಳೂರಲ್ಲಾ?" ಅಂತ ನಕ್ಕುಬಿಟ್ಟ.

ನಾನು ವಕೀಲ, ಇಪ್ಪತ್ತು ವರ್ಷದಿಂದ ಬಾಡಿಗೆ ಕರಾರು ಬರೆಯುತ್ತಿದ್ದೇನೆ. ಕೆಲವೊಮ್ಮೆ ಓನರ್ ಕಡೆಯಿಂದ, ಕೆಲವೊಮ್ಮೆ ಬಾಡಿಗೆಗೆ ಇರುವವರ ಕಡೆಯಿಂದ. ಬಾಡಿಗೆ ಇಳಿಸಿ ಅಂತ ಕೇಳುವವರಲ್ಲಿ ಹೆಚ್ಚಿನವರು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಸಂಬಳ ಏರಿಲ್ಲ, ಮಗುವಿನ ಸ್ಕೂಲ್ ಫೀಸು ಜಾಸ್ತಿ ಆಯ್ತು. ಓನರಿಗೂ ಹೋಮ್ ಲೋನ್ ಇರುತ್ತದೆ, ಅವರ ಮೊಮ್ಮಗಳಿಗೂ ಫೀಸು ಇರುತ್ತದೆ. ಅವರೂ ಅದನ್ನೇ ಹೇಳುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಓನರ್ ನಿಜವಾಗಿ ಕಿವಿಗೊಡುವುದು ಒಂದೇ ಲೆಕ್ಕಕ್ಕೆ. ಮನೆ ಖಾಲಿ ಬಿದ್ದರೆ ನನ್ನ ಕೈಯಿಂದ ಎಷ್ಟು ಹೋಗುತ್ತದೆ?

ಹಳೆಯ ಕರಾರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದೆ. 3,000 ಏರಿಸಿದರೆ 11 ತಿಂಗಳಿಗೆ ಆಂಟಿಗೆ ಹೆಚ್ಚಿಗೆ ಬರುವುದು 33,000. ಹುಡುಗ ಖಾಲಿ ಮಾಡಿ, ಮನೆಗೆ ಒಂದೇ ಒಂದು ತಿಂಗಳು ಬೀಗ ಬಿದ್ದರೆ 32,000 ಬಾಡಿಗೆ ಹೋಯಿತು. ಖಾಲಿ ಫ್ಲ್ಯಾಟಿಗೂ ಅಸೋಸಿಯೇಷನ್‌ಗೆ ಮೈಂಟೆನೆನ್ಸ್ ಕಟ್ಟಲೇಬೇಕು, ಅದು 3,500. ಒಟ್ಟು 35,500. ಇಡೀ ಕರಾರಿನ ಏರಿಕೆ ಒಂದು ತಿಂಗಳ ಬೀಗಕ್ಕೇ ಸಾಲುವುದಿಲ್ಲ. ನಲ್ಲಿ, ಸ್ವಿಚ್ಚು, ಬ್ರೋಕರ್ ಕಮಿಷನ್ ಇನ್ನೂ ಸೇರಿಸಿಲ್ಲ.

ಬೆಂಗಳೂರಲ್ಲಿ ಮನೆ ಒಂದು ತಿಂಗಳು ಖಾಲಿ ಇರುತ್ತದೆಯೇ ಅನ್ನುತ್ತೀರಾ? ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ಆ ವರ್ಷ ಜೂನ್ 26ಕ್ಕೆ ಆಷಾಢ ಶುರು. ಭೀಮನ ಅಮಾವಾಸ್ಯೆ ಬಂದಿದ್ದು ಜುಲೈ 24ಕ್ಕೆ. ಅಲ್ಲಿಯವರೆಗೆ ಹೊಸ ಮನೆಯಲ್ಲಿ ಹಾಲು ಉಕ್ಕಿಸುವವರು ಕಮ್ಮಿ. ಐಟಿ ಹುಡುಗರು ಇದನ್ನೆಲ್ಲ ನಂಬದೇ ಇರಬಹುದು. ಊರಿಂದ ಅಮ್ಮ ಫೋನ್ ಮಾಡಿ "ಶ್ರಾವಣ ಬರ್ಲಿ ಕಣೋ, ಆಮೇಲೆ ಹೋಗು" ಅಂದರೆ ಮುಗೀತು. ಪಿತೃಪಕ್ಷ, ಧನುರ್ಮಾಸದ ಕಥೆಯೂ ಇದೇ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬೇರೆ ಆಟ. ಸ್ಕೂಲು ಶುರುವಾಗುವ ಮುಂಚೆ ಮನೆ ಬದಲಿಸುವವರು ಸಾಲುಗಟ್ಟಿ ಬರುತ್ತಾರೆ. ಆಗ ಕಮ್ಮಿ ಮಾಡಿ ಅಂತ ಕೇಳಿದರೆ ಓನರ್ ಕಾಫಿ ಕೊಟ್ಟು ಕಳಿಸುತ್ತಾರೆ, ಅಷ್ಟೇ.

ಎರಡನೇ ಕೆಲಸ ವಾಚ್‌ಮ್ಯಾನ್ ಜೊತೆ ಮಾತಾಡುವುದು. ಆ್ಯಪ್‌ಗಳಲ್ಲಿ ಕಾಣುವ ಬಾಡಿಗೆ ಓನರುಗಳ ಆಸೆ. ಮಾತುಕತೆಯಾಗಿ ಕೊನೆಗೆ ಎಷ್ಟಕ್ಕೆ ಕುದುರಿತು ಅನ್ನುವುದು ಅಲ್ಲಿ ಇರುವುದಿಲ್ಲ. ಖಾಲಿ ಫ್ಲ್ಯಾಟುಗಳ ಬೀಗದ ಕೈ ಇರುವುದು ಗೇಟಿನ ವಾಚ್‌ಮ್ಯಾನ್ ಹತ್ತಿರ. ಯಾವ ಮನೆ ಎಷ್ಟು ದಿನದಿಂದ ಖಾಲಿ, ನೋಡಲು ಬಂದವರು ಎಷ್ಟಕ್ಕೆ ಕೇಳಿದರು, ಎಲ್ಲ ಅವನಿಗೆ ಗೊತ್ತು. ನಮ್ಮ ಹುಡುಗ ಹೋಗಿ ಕೇಳಿದಾಗ ಅವನ ಮೊಳೆಯಲ್ಲಿ ಮೂರು ಬೀಗದ ಕೈ ನೇತಾಡುತ್ತಿದ್ದವಂತೆ. ಅದರಲ್ಲಿ ಒಂದು, ಇವನ ಮನೆಯಷ್ಟೇ ದೊಡ್ಡದು, ಯುಗಾದಿ ಕಳೆದಾಗಿನಿಂದ ಅಲ್ಲೇ ಇದೆ. ಅದರ ಓನರ್ 33ಕ್ಕೆ ಹಾಕಿ, ಈಗ 31ಕ್ಕೆ ಇಳಿದಿದ್ದಾರೆ.

ಇನ್ನೊಂದು ಸಂಗತಿ ಬಾಡಿಗೆದಾರರಿಗೆ ಹೊಳೆಯುವುದೇ ಇಲ್ಲ. ಅದು ಅಡ್ವಾನ್ಸು. ಇವನು ಕೊಟ್ಟಿದ್ದು ಹಳೆಯ ಪದ್ಧತಿಯಂತೆ 10 ತಿಂಗಳ ಬಾಡಿಗೆ, ಅಂದರೆ 3,20,000. ಆ ದುಡ್ಡು ಓನರ್ ಹತ್ತಿರ ಹಾಗೇ ಇರುತ್ತದೆ ಅಂದುಕೊಂಡಿದ್ದೀರಾ? ಮಗಳ ಮದುವೆಗೋ ಸೈಟಿಗೋ ಹೋಗಿರುತ್ತದೆ. ಹೊಸಬರು ಬಂದು ಅಡ್ವಾನ್ಸ್ ಕೊಟ್ಟರೆ ಅದನ್ನೇ ಹಳಬರಿಗೆ ದಾಟಿಸುವುದು ರೂಢಿ. ಹೊಸಬರು ಈಗೆಲ್ಲ ಐದಾರು ತಿಂಗಳಿಗಿಂತ ಜಾಸ್ತಿ ಕೊಡಲು ಒಪ್ಪುವುದಿಲ್ಲ. ಉಳಿದ ದುಡ್ಡನ್ನು ಆಂಟಿ ತಮ್ಮ ಕೈಯಿಂದ ಹೊಂದಿಸಬೇಕು. ಹಾಗಾಗಿ "ಬಾಡಿಗೆ ಇಳಿಸಲು ಆಗದಿದ್ದರೆ ಅಡ್ವಾನ್ಸಲ್ಲಿ ಅರ್ಧ ವಾಪಸ್ ಕೊಡಿ" ಅನ್ನುವ ಮಾತಿಗೆ ಬಹಳ ತೂಕ. ಸುಮ್ನೆ ಲೆಕ್ಕ ಹಾಕಿ: ನಿಮಗೆ ವಾಪಸ್ ಬಂದ 1,60,000ಕ್ಕೆ ಶೇ. 7 ಬಡ್ಡಿ ಸಿಕ್ಕರೂ ವರ್ಷಕ್ಕೆ 11,200, ತಿಂಗಳಿಗೆ ಹತ್ತಿರಹತ್ತಿರ 930 ರೂಪಾಯಿ.

ಇದೇ ಲೆಕ್ಕ ತಿರುಗಿಸಿ "ಒಂದು ಲಕ್ಷ ಜಾಸ್ತಿ ಅಡ್ವಾನ್ಸ್ ಕೊಡಿ, 500 ಇಳಿಸುತ್ತೇನೆ" ಅನ್ನುವ ಓನರುಗಳೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ನನ್ನ ಟೇಬಲಿಗೆ ಬರುವ ಬಾಡಿಗೆ ಜಗಳಗಳಲ್ಲಿ ಜಾಸ್ತಿ ಪಾಲು ಅಡ್ವಾನ್ಸ್ ವಾಪಸ್ ಬರದೇ ಇದ್ದದ್ದು. (ಹಾಗೇ ಒಂದು ಎಚ್ಚರಿಕೆ. ಇಂಗ್ಲಿಷಲ್ಲಿ ಯಾವ ಬಾಡಿಗೆ ಕರಾರಿಗೂ ಲೀಸ್ ಅಂತಾರೆ. ಬೆಂಗಳೂರಲ್ಲಿ ಲೀಸ್ ಅಂದರೆ ಭೋಗ್ಯ, ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವುದು. ಓನರ್ ಹತ್ತಿರ "ಲೀಸ್ ರಿನ್ಯೂ ಮಾಡೋಣ" ಅಂದರೆ ಅವರು ಹತ್ತು-ಹದಿನೈದು ಲಕ್ಷದ ಕನಸು ಕಾಣಬಹುದು.)

ಕಾನೂನು ಏನು ಹೇಳುತ್ತದೆ ಸಾರ್ ಅಂತ ಎಲ್ಲರೂ ಕೇಳುತ್ತಾರೆ. ವಕೀಲನಾಗಿ ಹೇಳಲು ಸ್ವಲ್ಪ ನಾಚಿಕೆ, ಆದರೆ ಬಾಡಿಗೆ ಎಷ್ಟಿರಬೇಕು ಅನ್ನುವುದರಲ್ಲಿ ಕಾನೂನು ನಿಮ್ಮ ನೆರವಿಗೆ ಬರುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ ನಿಜ. ಬೆಂಗಳೂರಿನಂಥ ದೊಡ್ಡ ಊರಲ್ಲೂ ತಿಂಗಳಿಗೆ 3,500ಕ್ಕಿಂತ ಜಾಸ್ತಿ ಬಾಡಿಗೆ ಇರುವ ಮನೆಗೆ ಅದು ಅನ್ವಯಿಸುವುದಿಲ್ಲ. 3,500ಕ್ಕೆ ಇವತ್ತು ಫ್ಲ್ಯಾಟಿನ ಮೈಂಟೆನೆನ್ಸ್ ಬರುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡು ತಿಂಗಳ ಅಡ್ವಾನ್ಸ್ ಸಾಕು ಅಂತ ಇದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ.

ಉಳಿದಿದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಕರಾರು ಮುಗಿದ ಮೇಲೂ ನೀವು ಅಲ್ಲೇ ಇದ್ದು, ಓನರ್ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ, ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದ ಹಾಗೆ. ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ ದರವೂ ಹಳೆಯದೇ, ಓನರ್ ಒಬ್ಬರೇ ಏರಿಸಲು ಬರುವುದಿಲ್ಲ. ಆದರೆ 15 ದಿನದ ನೋಟಿಸ್ ಕೊಟ್ಟು ಖಾಲಿ ಮಾಡಿ ಅನ್ನಬಹುದು. ಹಾಗಾಗಿ ಮಾತು ಮುಗಿಯುವ ಮುಂಚೆ ಕರಾರು ಮುಗಿಯಲು ಬಿಡಬೇಡಿ. ಎರಡು ತಿಂಗಳ ಮುಂಚೆಯೇ ಶುರು ಮಾಡಿ. ಹುಡುಗ ಬಂದಿದ್ದು ಒಂದೇ ತಿಂಗಳ ಮುಂಚೆ. ಆಷಾಢ ಅವನನ್ನು ಕಾಪಾಡಿತು.

ಕಾನೂನು ತೋರಿಸಿ ಹೆದರಿಸಲು ಹೋಗಬೇಡಿ. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ನಾನೂ ಬಾಡಿಗೆ ಮನೆಯಲ್ಲಿದ್ದೆ. ಬಾತ್‌ರೂಮ್ ಗೋಡೆ ಸೋರುತ್ತಿತ್ತು. ತಾನು ಮಾಡಿಸಲೇಬೇಕಾದ ರಿಪೇರಿಯನ್ನು ಓನರ್ ನೋಟಿಸ್ ಕೊಟ್ಟ ಮೇಲೂ ಮಾಡಿಸದಿದ್ದರೆ ನಾವೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು ಅಂತ ಅದೇ ಕಾಯ್ದೆಯ 108ನೇ ಸೆಕ್ಷನ್ ಹೇಳುತ್ತದೆ. ಸೆಕ್ಷನ್ ನಂಬರ್ ಹಾಕಿ, ಜೊತೆಗೆ ಬಾಡಿಗೆಯನ್ನೂ ಇಳಿಸಿ ಅಂತ ಎರಡು ಪುಟದ ಪತ್ರ ಬರೆದೆ. ಓನರಿನ ಅಳಿಯನೂ ವಕೀಲ. 15 ದಿನದ ನೋಟಿಸ್ ಬಂತು. ನನ್ನ ಲಾ ಪುಸ್ತಕಗಳೇ ಎರಡು ಆಟೋ ತುಂಬಿದವು.

"ಕ್ಯಾಶಲ್ಲಿ ಕೊಟ್ಟರೆ 2,000 ಕಮ್ಮಿ, ಎಚ್‌ಆರ್‌ಎಗೆ ನನ್ನ ಪ್ಯಾನ್ ಕೇಳಬೇಡಿ" ಅನ್ನುವವರಿಗೂ ಹೂಂ ಅನ್ನಬೇಡಿ. ಎಚ್‌ಆರ್‌ಎ ಅಂದರೆ ಸಂಬಳದಲ್ಲಿ ಬರುವ ಬಾಡಿಗೆ ಭತ್ಯೆ. ಅದಕ್ಕೆ ತೆರಿಗೆ ವಿನಾಯಿತಿ ಬೇಕಾದರೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದಾಗ ನೀವು ಆಫೀಸಿಗೆ ಓನರಿನ ಪ್ಯಾನ್ ನಂಬರ್ ಕೊಡಬೇಕು. ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಆ ವಿನಾಯಿತಿ ಬಿಟ್ಟು ಕಳೆದುಕೊಳ್ಳುವುದೇ ಎಷ್ಟೋ ಸಲ ಜಾಸ್ತಿ. ರಸೀದಿ ಇಲ್ಲದ ಕ್ಯಾಶು ನಾಳೆ ಜಗಳವಾದರೆ ಕೊಟ್ಟೇ ಇಲ್ಲ ಅಂತಾಗುತ್ತದೆ.

ಎಲ್ಲ ಕಾಲದಲ್ಲೂ ಇದು ನಡೆಯುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 2020ರಲ್ಲಿ ಐಟಿಯವರು ಊರಿಗೆ ಹೋಗಿ ಕೂತಾಗ ಓನರುಗಳೇ ಫೋನ್ ಮಾಡಿ "ಕಮ್ಮಿ ಮಾಡ್ತೀವಿ, ಇರಿ" ಅನ್ನುತ್ತಿದ್ದರು. 2022-23ರಲ್ಲಿ ಅವರೆಲ್ಲ ಒಟ್ಟಿಗೆ ವಾಪಸ್ ಬಂದರು ನೋಡಿ, ಬಾಡಿಗೆದಾರರನ್ನು ಇಂಟರ್‌ವ್ಯೂ ಮಾಡುವ ಮಟ್ಟಕ್ಕೆ ಹೋಯಿತು. ಅಂಥ ವರ್ಷದಲ್ಲಿ ಏರಿಸದೇ ಇದ್ದರೆ ಸಾಕು ಅಂತ ಕೇಳುವುದು ಬುದ್ಧಿವಂತಿಕೆ.

ಹುಡುಗನಿಗೆ ವಾಟ್ಸ್ಆ್ಯಪ್ ಮಾಡಬೇಡ, ಹೋಗಿ ಕೂತು ಮಾತಾಡು ಅಂದಿದ್ದೆ. ಜಯನಗರದ ಅವರ ಮನೆಗೆ ಭಾನುವಾರ ಹೋದ. ಖಾಲಿ ಮಾಡುತ್ತೇನೆ ಅನ್ನಲೇ ಇಲ್ಲ. "ಆಂಟಿ, ನಮಗೆ ಇಲ್ಲೇ ಇರೋಕೆ ಇಷ್ಟ. ಕೆಳಗಡೆ ಇಂಥದ್ದೇ ಮನೆ 31ಕ್ಕೆ ಸಿಗ್ತಿದೆ. ನೀವು 30 ಮಾಡಿಕೊಂಡರೆ ಇವತ್ತೇ ಸೈನ್ ಹಾಕ್ತೀವಿ" ಅಂದನಂತೆ. ಆಂಟಿ ಅವತ್ತು ಏನೂ ಹೇಳಲಿಲ್ಲ. ಮೂರು ದಿನ ಬಿಟ್ಟು ಅವರೇ ಫೋನ್ ಮಾಡಿ 31 ಅಂದರು. ಕೆಟ್ಟುಹೋಗಿದ್ದ ಗೀಸರ್ ಬದಲಿಸಿಕೊಡುತ್ತೇನೆ ಅಂದರು. ಅದನ್ನೂ ಕರಾರಿನಲ್ಲಿ ತಾರೀಖಿನ ಸಮೇತ ಬರೆಸಿದೆ.

11 ತಿಂಗಳ ಕರಾರಿಗೆ ಒಂದು ಗುಣವಿದೆ. ವರ್ಷ ದಾಟಿದ ಕರಾರಾದರೆ ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು ಅಂತ 11 ತಿಂಗಳಿಗೆ ಬರೆಯುತ್ತೇವೆ. ಹಾಗಾಗಿ ಅದು ಪ್ರತಿ ಸಲ ಒಂದೊಂದು ತಿಂಗಳು ಹಿಂದಕ್ಕೆ ಸರಿಯುತ್ತದೆ. ಈ ಸಲ ಆಷಾಢದಲ್ಲಿ ಮುಗಿದರೆ ಮುಂದಿನ ಸಲ ಮುಗಿಯುವುದು ಜೂನ್ ಶುರುವಿನಲ್ಲಿ. ಮಾತುಕತೆ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ, ಅಂದರೆ ಓನರಿನ ಕಾಲದಲ್ಲಿ. ಅದಕ್ಕೇ "ಮುಂದಿನ ಸಲ ಶೇ. 5 ಮಾತ್ರ ಏರಿಕೆ" ಅಂತ ಒಂದು ಸಾಲು ಈಗಲೇ ಸೇರಿಸಿಟ್ಟಿದ್ದೆ.

ಸೈನ್ ಹಾಕಲು ಇಬ್ಬರೂ ನನ್ನ ಆಫೀಸಿಗೆ ಬಂದರು. ಆಂಟಿ ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಓದಿದರು. ಆ ಸಾಲಿಗೆ ಬಂದಾಗ ನಿಂತು, ಬೆರಳಲ್ಲಿ ತಿಂಗಳು ಎಣಿಸಿದರು. "ಮುಂದಿನ ಸಲ ಜೂನ್ ನಾಲ್ಕಕ್ಕೆ ಮುಗಿಯುತ್ತೆ ಅಲ್ವಾ ವಕೀಲರೇ?"

"ಹೌದಮ್ಮ."

"ಹಾಗಾದ್ರೆ ಈ ಸಾಲು ತೆಗೆದುಬಿಡಿ" ಅಂದರು. ತೆಗೆದೆ.