ಒಳಗೊಳ್ಳುವಿಕೆ: ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಬೀದಿಯಲ್ಲಿ ಆಡುವ ಮಕ್ಕಳ ಬಾಯಲ್ಲಿ ಹಳೆಯದೊಂದು ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಪುಟ್ಟ ತಮ್ಮನೋ ತಂಗಿಯೋ ಅಳುತ್ತ ಬಂದರೆ ದೊಡ್ಡವರು ಕಣ್ಣಾಮುಚ್ಚಾಲೆಗೆ ಸೇರಿಸಿಕೊಳ್ಳುತ್ತಾರೆ. ಆ ಮಗು ಸಿಕ್ಕಿಬಿದ್ದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಓಡಾಡಿಕೊಂಡಿರುತ್ತದೆ, ಅಷ್ಟೆ. ಆಟಿಸಂ (ಬೆರೆಯುವ, ಮಾತಾಡುವ, ಸದ್ದು ಬೆಳಕನ್ನು ಗ್ರಹಿಸುವ ರೀತಿ ಬೇರೆಯಾಗಿರುವ ಸ್ಥಿತಿ) ಇರುವ ಮಕ್ಕಳ ವಿಷಯದಲ್ಲಿ ಇಂದು ಎಲ್ಲೆಡೆ ಕೇಳಿಬರುವ ಇನ್‌ಕ್ಲೂಷನ್ ಎಂಬ ಮಾತಿಗೆ ಕನ್ನಡದಲ್ಲಿ ‘ಒಳಗೊಳ್ಳುವಿಕೆ’ ಎನ್ನುತ್ತೇವೆ. ಈ ಪದ ಹೇಳುವುದು ಆ ಗಾದೆಯ ನೇರ ವಿರುದ್ಧ ಸ್ಥಿತಿಯನ್ನು.

ಪದವನ್ನು ಬಿಡಿಸಿ ನೋಡಿದರೆ ಅರ್ಥ ಅಲ್ಲೇ ಸಿಗುತ್ತದೆ. ‘ಒಳ’ ಮತ್ತು ‘ಕೊಳ್ಳು’ ಸೇರಿ ಒಳಗೊಳ್ಳು ಆಗಿದೆ. ‘ಶಾಲೆ ಮಗುವನ್ನು ಒಳಗೊಂಡಿತು’ ಎಂಬ ವಾಕ್ಯದಲ್ಲಿ ಕರ್ತೃ ಶಾಲೆ; ಕೆಲಸ ಮಾಡಬೇಕಾದದ್ದೂ ಅದೇ. ಇದರ ಪಕ್ಕದಲ್ಲಿ ‘ಹೊಂದಿಕೊಳ್ಳು’ ಎಂಬ ಪದ ಇಡಿ. ‘ಮಗು ಶಾಲೆಗೆ ಹೊಂದಿಕೊಂಡಿತು’ ಎಂದಾಗ ಕರ್ತೃ ಮಗು, ಬದಲಾಗುವ ಭಾರವೆಲ್ಲ ಅದರ ಮೇಲೆ. ‘ಅವನು ಹೊಂದಿಕೊಂಡರೆ ನಮ್ಮದೇನೂ ಅಭ್ಯಂತರ ಇಲ್ಲ’ ಎನ್ನುವ ಶಾಲೆ ಅಥವಾ ಶಿಬಿರ ತಾನು ಒಳಗೊಳ್ಳುತ್ತಿದ್ದೇನೆಂದೇ ನಂಬಿರುತ್ತದೆ. ಎರಡು ಕ್ರಿಯಾಪದಗಳ ಈ ಗೊಂದಲದಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ.

ಗೊಂದಲಕ್ಕೆ ಇತಿಹಾಸವೂ ಇದೆ. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ಯೋಜನೆ ಆರಂಭಿಸಿದಾಗ ಇದ್ದ ಕಲ್ಪನೆ ಇಂಟಿಗ್ರೇಷನ್: ಶಾಲೆ ಇದ್ದಂತೆಯೇ ಇರುತ್ತದೆ, ಮಗು ಬಂದು ಸೇರುತ್ತದೆ. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ನಡೆದ ವಿಶ್ವ ಸಮ್ಮೇಳನದ ಘೋಷಣೆಯ ಹೊತ್ತಿಗೆ ಜಗತ್ತಿನ ಮಾತು ಇನ್‌ಕ್ಲೂಷನ್ ಕಡೆಗೆ ತಿರುಗಿತು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ವ್ಯಾಖ್ಯೆಯೂ ಸ್ಪಷ್ಟವಾಗಿದೆ: ಅಂಗವೈಕಲ್ಯ ಇರುವ ಮಕ್ಕಳು, ಇಲ್ಲದ ಮಕ್ಕಳು ಒಟ್ಟಿಗೆ ಕಲಿಯಬೇಕು ಮತ್ತು ಕಲಿಸುವ ಪದ್ಧತಿ ಅವರಿಗೆ ತಕ್ಕಂತೆ ಮಾರ್ಪಾಡಾಗಬೇಕು. ಮೊದಲರ್ಧವನ್ನು ಎಲ್ಲರೂ ಓದಿಕೊಂಡಿದ್ದಾರೆ, ಎರಡನೆಯ ಅರ್ಧ ಮರೆತುಹೋಗುತ್ತದೆ. ಕನ್ನಡದಲ್ಲಿ ಶಿಕ್ಷಣ ಇಲಾಖೆ ಬಳಸುವ ‘ಸಮನ್ವಯ ಶಿಕ್ಷಣ’ ಎಂಬ ಮಾತಂತೂ ಎರಡೂ ಕಲ್ಪನೆಗಳಿಗೆ ಒಂದೇ ಕೊಡೆ ಹಿಡಿಯುತ್ತದೆ. ಹಾಗಾಗಿ ಹಿಂದಿನ ಬೆಂಚಿನಲ್ಲಿ ದಿನವಿಡೀ ಸುಮ್ಮನೆ ಕೂತ ಮಗುವೂ ಕಡತದಲ್ಲಿ ಸಮನ್ವಯವೇ.

ಆಟಿಸಂಗೆ ಪರ್ಯಾಯವಾಗಿ ಬಳಸುವ ‘ಸ್ವಲೀನತೆ’ ಎಂಬ ಪದದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ತನ್ನಲ್ಲೇ ಲೀನವಾದ ಮಗು ಎಂದು ಕೇಳಿದವರಿಗೆ, ಇದಕ್ಕೆ ಯಾರ ಜೊತೆಯೂ ಬೇಡ ಅನ್ನಿಸಿಬಿಡುತ್ತದೆ. ಜೊತೆ ಬೇಕೆನ್ನುವ ಆಸೆ ಈ ಮಕ್ಕಳಲ್ಲಿ ಅನೇಕರಿಗೆ ಧಾರಾಳವಾಗಿದೆ. ಗದ್ದಲ, ನೂಕುನುಗ್ಗಲು, ಮುಂದೇನಾಗುತ್ತದೆಂದು ತಿಳಿಯದಿರುವುದು, ವೇಗವಾದ ಮಾತು ಇವು ಅಡ್ಡ ಬರುತ್ತವೆ. ಬದಲಾಯಿಸಬೇಕಾದದ್ದು ಇವನ್ನೇ. ಸದ್ದು ಮತ್ತು ಬೆಳಕು ತಗ್ಗಬೇಕು, ಮುಂದೇನೆಂಬುದು ಮೊದಲೇ ಗೊತ್ತಿರಬೇಕು, ಬಾಯಿಮಾತಿನ ಜೊತೆ ಚಿತ್ರವೋ ಸನ್ನೆಯೋ ಇರಬೇಕು. ಒಂದು ಬೇಸಿಗೆ ಶಿಬಿರವನ್ನೇ ತೆಗೆದುಕೊಂಡು ಇದನ್ನು ನೋಡೋಣ.

ಶಿಬಿರದ ಕರಪತ್ರದಲ್ಲಿ ‘ಎಲ್ಲ ಮಕ್ಕಳಿಗೂ ಸ್ವಾಗತ’ ಎಂದಿರುವುದು ಏನನ್ನೂ ಹೇಳುವುದಿಲ್ಲ. ನಡೆಸುವವರನ್ನು ಕೇಳಬೇಕಾದದ್ದು ಇಷ್ಟು: ಒಂದು ಗುಂಪಿನಲ್ಲಿ ಎಷ್ಟು ಮಕ್ಕಳು, ಎಷ್ಟು ಮಂದಿ ದೊಡ್ಡವರು? ಮೊದಲ ಕೆಲವು ದಿನ ಅಪ್ಪ ಅಥವಾ ಅಮ್ಮ ಒಳಗೆ ಇರಬಹುದೇ? ಮಗುವಿಗೆ ಸಾಕಾದರೆ ಹೋಗಿ ಕೂರಲು ಫ್ಯಾನಿನ ಸದ್ದೂ ಕಡಿಮೆ ಇರುವ ಒಂದು ಕೋಣೆ ಉಂಟೇ? ಮೈಕ್ ಬಳಸುತ್ತೀರಾ? ಅರ್ಧದಲ್ಲಿ ಎದ್ದು ಹೋಗಿ ಮತ್ತೆ ಬರಬಹುದೇ? ಸದ್ದು ತಗ್ಗಿಸುವ ಇಯರ್‌ಮಫ್ ಹಾಕಿಕೊಂಡರೆ ಆಕ್ಷೇಪವಿಲ್ಲ ತಾನೆ? ಉತ್ತರಗಳಿಗಿಂತ ಉತ್ತರಿಸುವ ರೀತಿಯನ್ನು ಗಮನಿಸಿ. ‘ನಮಗೆ ಗೊತ್ತಿಲ್ಲ, ನೀವು ಹೇಳಿಕೊಡಿ’ ಎನ್ನುವವರ ಜೊತೆ ಕೆಲಸ ಮಾಡಬಹುದು. ‘ಏನೂ ಚಿಂತೆ ಬೇಡಿ, ಎಲ್ಲಾ ನಾವು ನೋಡ್ಕೋತೀವಿ’ ಎಂದವರನ್ನು ಇನ್ನೊಂದು ಸಲ ಕೇಳಿ.

ಶಿಬಿರ ಆರಂಭವಾಗುವ ಮುನ್ನ ಜಾಗ ಖಾಲಿ ಇರುವಾಗ ಮಗುವನ್ನು ಕರೆದೊಯ್ಯಿರಿ. ಗೇಟು, ಚಪ್ಪಲಿ ಬಿಡುವ ಜಾಗ, ಶೌಚಾಲಯ, ಕುಳಿತುಕೊಳ್ಳುವ ಚಾಪೆ, ಕಲಿಸುವವರ ಮುಖ ಇವುಗಳ ಫೋಟೊ ತೆಗೆಯಿರಿ. ನಾಲ್ಕೈದು ಫೋಟೊಗಳನ್ನು ಅಂಚೆ ಕಾರ್ಡಿನಷ್ಟು ದೊಡ್ಡದಾಗಿ ಮುದ್ರಿಸಿ, ರಟ್ಟಿನ ಮೇಲೆ ವೆಲ್‌ಕ್ರೋದಿಂದ ಸಾಲಾಗಿ ಅಂಟಿಸಿದರೆ ದಿನದ ಕಾರ್ಯಕ್ರಮದ ಪಟ್ಟಿ ಸಿದ್ಧ. ಒಂದೊಂದು ಮುಗಿದಂತೆ ಮಗುವೇ ಆ ಫೋಟೊ ಕಿತ್ತು ಕೆಳಗಿನ ಜೇಬಿಗೆ ಹಾಕಲಿ. ಕೊನೆಯ ಫೋಟೊ ಯಾವಾಗಲೂ ಮನೆ ಅಥವಾ ಅಮ್ಮ. ಇದಕ್ಕೊಂದು ಕೊನೆ ಉಂಟೆಂದು ಕಣ್ಣಿಗೆ ಕಂಡರೆ ಮಗು ಅಲ್ಲಿಯವರೆಗೆ ಕಾಯುತ್ತದೆ. ಇಷ್ಟು ಹೆಚ್ಚೆನಿಸಿದರೆ ಎರಡೇ ಚಿತ್ರದ ‘ಮೊದಲು–ಆಮೇಲೆ’ ಕಾರ್ಡ್ ಸಾಕು: ಮೊದಲು ಬಣ್ಣ ಬಳಿಯುವುದು, ಆಮೇಲೆ ಉಯ್ಯಾಲೆ. ಪಟ್ಟಿಯಲ್ಲಿ ಇದ್ದದ್ದನ್ನು ದಿಢೀರನೆ ಬದಲಾಯಿಸಿದರೆ ಮಾತ್ರ ಮುಂದಿನ ಬಾರಿ ಮಗು ಪಟ್ಟಿಯನ್ನು ನಂಬುವುದಿಲ್ಲ. ಬದಲಾವಣೆ ಅನಿವಾರ್ಯವಾದರೆ ಆ ಚಿತ್ರದ ಮೇಲೆ ಮಗುವಿನ ಎದುರೇ ಅಡ್ಡಗೆರೆ ಎಳೆದು, ಹೊಸದನ್ನು ಅಂಟಿಸಿ.

ಮೊದಲ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮಗು ನಗುತ್ತಿರುವಾಗಲೇ ಕರೆತನ್ನಿ. ‘ಚೆನ್ನಾಗಿ ಆಡ್ತಿದ್ದಾಳಲ್ಲ, ಇನ್ನೊಂದರ್ಧ ಗಂಟೆ ಇರಲಿ’ ಎಂಬ ಆಸೆಯೇ ಹೆಚ್ಚು ಸಲ ಕೆಲಸ ಕೆಡಿಸುವುದು. ಸುಸ್ತಾಗಿ ಅತ್ತು ಹೊರಬಂದ ಮಗುವಿಗೆ ಆ ಜಾಗದ ನೆನಪು ಅಳುವಿನ ನೆನಪಾಗಿ ಉಳಿಯುತ್ತದೆ. ಮರುದಿನ ಗೇಟಿನಲ್ಲೇ ನಿಂತುಬಿಡುತ್ತದೆ. ದಿನಕ್ಕೆ ಐದು ಹತ್ತು ನಿಮಿಷ ಏರಿಸುತ್ತ ಹೋದರೆ ಎರಡು ವಾರದ ಶಿಬಿರದಲ್ಲಿ ಒಂದೂವರೆ ಗಂಟೆ ಮುಟ್ಟುವ ಮಕ್ಕಳಿದ್ದಾರೆ, ನಲವತ್ತು ನಿಮಿಷಕ್ಕೆ ನಿಲ್ಲುವವರೂ ಇದ್ದಾರೆ. ಎರಡೂ ಸರಿಯೇ.

ಕಲಿಸುವವರ ಕೈಗೆ ಒಂದು ಪುಟದ ಪರಿಚಯ ಬರೆದು ಕೊಡಿ. ವೈದ್ಯಕೀಯ ವರದಿಯ ನಕಲು ಬೇಡ. ಇವನಿಗೆ ಇಷ್ಟವಾದದ್ದು ಏನು, ಸಾಕಾದಾಗ ಹೇಗೆ ತೋರಿಸುತ್ತಾನೆ (ಕಿವಿ ಮುಚ್ಚುತ್ತಾನೆ, ಸುತ್ತುತ್ತಾನೆ, ಒಂದೇ ಮಾತು ಮತ್ತೆ ಮತ್ತೆ ಹೇಳುತ್ತಾನೆ), ಆಗ ಏನು ಮಾಡಬೇಕು, ಏನು ಮಾಡಬಾರದು, ನೀರು ಮತ್ತು ಶೌಚವನ್ನು ಹೇಗೆ ಕೇಳುತ್ತಾನೆ, ಯಾವ ನಂಬರಿಗೆ ಕರೆ ಮಾಡಬೇಕು. ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕಾದದ್ದು ಮೆಲ್ಟ್‌ಡೌನ್ ಮತ್ತು ಹಠಕ್ಕೆ ಇರುವ ವ್ಯತ್ಯಾಸ. ಹಠ ಮಾಡುವ ಮಗು ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ, ನಡುವೆ ಯಾರು ನೋಡುತ್ತಿದ್ದಾರೆಂದು ಓರೆಗಣ್ಣು ಹಾಯಿಸುತ್ತದೆ. ಮೆಲ್ಟ್‌ಡೌನ್‌ನಲ್ಲಿ ಇರುವ ಮಗುವಿಗೆ ಏನು ಕೊಟ್ಟರೂ ನಿಲ್ಲಿಸುವ ಶಕ್ತಿಯೇ ಇರುವುದಿಲ್ಲ. ಅದು ಉಕ್ಕಿ ಬಂದ ಹಾಲು. ಆಗ ಮಾತು ಕಡಿಮೆ ಮಾಡಿ, ಸುತ್ತ ನೆರೆದವರನ್ನು ದೂರ ಕಳಿಸಿ, ಸದ್ದು ಬೆಳಕು ತಗ್ಗಿಸಿ, ಪೆಟ್ಟಾಗದಂತೆ ನೋಡಿಕೊಂಡು ಕಾಯಬೇಕು. ಬೈಗುಳ, ಪುಸಲಾವಣೆ, ‘ಎಲ್ಲರೂ ನೋಡ್ತಿದ್ದಾರೆ’ ಎಂಬ ಮಾತು ಉರಿಯನ್ನು ಹೆಚ್ಚಿಸುತ್ತವೆ.

ಒಳ್ಳೆಯ ಉದ್ದೇಶದಿಂದಲೇ ಕೆಡುವ ಬಗೆಗಳೂ ಇವೆ. ಶ್ಯಾಡೋ ಟೀಚರ್, ಅಂದರೆ ಮಗುವಿನ ಜೊತೆಗಿರಲೆಂದೇ ನೇಮಿಸಿದ ಸಹಾಯಕ ಶಿಕ್ಷಕಿ, ಮಗುವಿನ ಪಕ್ಕ ಅಂಟಿಕೊಂಡೇ ಕುಳಿತರೆ ಉಳಿದ ಮಕ್ಕಳು ಆಕೆಯ ಜೊತೆ ಮಾತಾಡುತ್ತಾರೆ, ಮಗುವಿನ ಜೊತೆ ಆಡುವುದಿಲ್ಲ. ಒಂದು ಕೆಲಸ ಶುರು ಮಾಡಿಸಿ ಆಕೆ ಮಾರು ದೂರ ಸರಿಯುವುದನ್ನು ಕಲಿಯಬೇಕು. ‘ಇವನನ್ನು ನೋಡಿಕೋ’ ಎಂದು ಒಬ್ಬನೇ ಸಹಪಾಠಿಗೆ ಹೊರಿಸಿದರೆ ಆ ಹುಡುಗ ಕೆಲವು ದಿನಗಳಲ್ಲೇ ಕಾವಲುಗಾರನಾಗಿಬಿಡುತ್ತಾನೆ. ಮೂರು ನಾಲ್ಕು ಮಕ್ಕಳು ಸರದಿಯಲ್ಲಿ ಜೊತೆಯಾದರೆ ಸ್ನೇಹಕ್ಕೆ ಜಾಗ ಉಳಿಯುತ್ತದೆ. ಏಪ್ರಿಲ್ 2ರ ವಿಶ್ವ ಆಟಿಸಂ ಅರಿವು ದಿನ ವೇದಿಕೆ ಹತ್ತಿಸಿ ಫೋಟೊ ತೆಗೆದು, ಮರುದಿನ ಆಟದ ಪೀರಿಯಡ್‌ನಲ್ಲಿ ಬ್ಯಾಗು ಕಾಯಲು ಕೂರಿಸುವುದು ಆಟಕ್ಕುಂಟು ಲೆಕ್ಕಕ್ಕಿಲ್ಲದ ಅತಿ ಸ್ಪಷ್ಟ ರೂಪ. ಮಗುವಿಗೆ ಸರದಿ ಇದೆಯೇ, ತಪ್ಪಿದರೆ ಔಟ್ ಆಗುತ್ತಾಳೆಯೇ, ಇವತ್ತು ಬರದಿದ್ದರೆ ಯಾರಾದರೂ ಕೇಳುತ್ತಾರೆಯೇ ಎಂದು ನೋಡಿದರೆ ಒಳಗೊಂಡಿದ್ದಾರೋ ಇಲ್ಲವೋ ತಿಳಿಯುತ್ತದೆ.

ಆಟದ ನಿಯಮವನ್ನೇ ಬದಲಾಯಿಸಿದ ಒಳ್ಳೆಯ ಮಾದರಿ ಸ್ಪೆಷಲ್ ಒಲಿಂಪಿಕ್ಸ್‌ನ ಯೂನಿಫೈಡ್ ಸ್ಪೋರ್ಟ್ಸ್. ಬೌದ್ಧಿಕ ನ್ಯೂನತೆ ಇರುವವರು ಮತ್ತು ಇಲ್ಲದವರು ಅಲ್ಲಿ ಒಂದೇ ತಂಡದಲ್ಲಿ ಆಡುತ್ತಾರೆ. ಆಟಿಸಂ ಜೊತೆಗೆ ಬೌದ್ಧಿಕ ನ್ಯೂನತೆಯೂ ಇರುವ ಮಕ್ಕಳಿಗೆ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಮೂಲಕ ಇದು ಸಿಗುತ್ತದೆ. ಸ್ಪರ್ಧೆಗೆ 8 ವರ್ಷ ತುಂಬಿರಬೇಕು, ಅದಕ್ಕಿಂತ ಚಿಕ್ಕವರಿಗೆ ಆಟದ ತರಬೇತಿ ಬೇರೆ ಇದೆ. ಈಜು, ಚಿತ್ರ, ತಬಲಾ, ತೋಟಗಾರಿಕೆಯಂಥ, ಮಾತು ಕಡಿಮೆ ಬೇಡುವ ಚಟುವಟಿಕೆಗಳಿಂದ ಆರಂಭಿಸುವುದು ಸುಲಭ. ಆಟಿಸಂ ಇರುವ ಮಕ್ಕಳದ್ದೇ ಗುಂಪಿಗೆ ಸೇರಿಸಿದರೆ ಒಳಗೊಳ್ಳುವಿಕೆಗೆ ದ್ರೋಹವೇನೂ ಆಗುವುದಿಲ್ಲ. ಯಾರೂ ಕೆಕ್ಕರಿಸಿ ನೋಡದ ಜಾಗವೊಂದು ಮಗುವಿಗೂ ಬೇಕು, ಅಪ್ಪ ಅಮ್ಮನಿಗೂ ಬೇಕು.

ಶಾಲೆಯ ವಿಷಯದಲ್ಲಿ ಕೋರಿಕೆಯ ಭಾಷೆ ಬಿಟ್ಟು ಹಕ್ಕಿನ ಭಾಷೆಯಲ್ಲಿ ಮಾತಾಡಬಹುದು. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಶೇ 40 ಅಥವಾ ಹೆಚ್ಚಿನ ಪ್ರಮಾಣದ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ, ಅಥವಾ ಬಯಸಿದರೆ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣದ ಹಕ್ಕನ್ನು ಸೆಕ್ಷನ್ 31 ಕೊಡುತ್ತದೆ. ಆಟಿಸಂ ಪ್ರಮಾಣವನ್ನು ಅಳೆಯುವುದು ಐಸಾ ಎಂಬ ಭಾರತೀಯ ಮಾಪಕದಿಂದ: 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ, ಒಟ್ಟು 70 ಮುಟ್ಟಿದರೆ ಆಟಿಸಂ ಎಂದು ಪರಿಗಣನೆ. ಪರೀಕ್ಷೆಯ ದಿನ ಮಗು ಲವಲವಿಕೆಯಿಂದ ಇದ್ದರೆ ಅಂಕ ಕಡಿಮೆ ಬಂದು ಅಂಗವೈಕಲ್ಯದ ಪ್ರಮಾಣಪತ್ರ ಕೈತಪ್ಪಬಹುದು. ಮನೆಯಲ್ಲಿ, ಅಂಗಡಿಯಲ್ಲಿ, ರಾತ್ರಿ ಮಲಗುವಾಗ ಹೇಗಿರುತ್ತದೆಂಬ ಟಿಪ್ಪಣಿ, ಒಂದೆರಡು ಸಣ್ಣ ವಿಡಿಯೊ ಜೊತೆಗಿರಲಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇದಕ್ಕೆ ನೆರವಾಗುತ್ತಾರೆ. ಶಾಲೆಯೊಳಗಿನ ಮಾರ್ಪಾಡುಗಳಿಗೆ ತಾಲ್ಲೂಕಿನ ಬಿ.ಆರ್.ಸಿ., ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರನ್ನು ಹೆಸರಿಸಿ, ದಿನಾಂಕ ಹಾಕಿ, ಲಿಖಿತವಾಗಿ ಕೇಳಿ. ಬಾಯಿಮಾತಿನ ಕೋರಿಕೆಗೆ ದಾಖಲೆ ಇರುವುದಿಲ್ಲ.

ಕುಟುಂಬಕ್ಕೆ ಬೇಕಾದ ನೆರವು ಇನ್ನೊಂದು ಬಗೆಯದು. ಜಿಲ್ಲಾಸ್ಪತ್ರೆಗಳಲ್ಲಿ ಇರುವ ಡಿ.ಇ.ಐ.ಸಿ., ಅಂದರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಖಾಸಗಿ ಥೆರಪಿಗೆ ಕೈಹಾಕುವ ಮೊದಲು ಹೋಗಬೇಕಾದ ಜಾಗ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆಯೂ ಆಗುತ್ತದೆ, ಮನೆಯಲ್ಲಿ ಏನು ಮಾಡಬೇಕೆಂದು ಹೆತ್ತವರಿಗೆ ಕಲಿಸುವುದೂ ಆಗುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದು, ಥೆರಪಿ ವೆಚ್ಚಕ್ಕೂ ಅದರಲ್ಲಿ ಪಾಲಿದೆ. ನವೀಕರಿಸಲು ಮರೆತು ಕಳೆದುಕೊಳ್ಳುವವರಿದ್ದಾರೆ, ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಇವೆಲ್ಲಕ್ಕಿಂತ ಬೇಗ ಕೈಹಿಡಿಯುವುದು ಇನ್ನೊಂದು ಮನೆಯ ತಾಯಿ ಅಥವಾ ತಂದೆ. ಥೆರಪಿ ಕೇಂದ್ರದ ಹೊರಗಿನ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕಾಯುವವರು ಪರಸ್ಪರ ಮಾತಾಡಿದರೆ ಪೋಷಕರ ಗುಂಪು ಅಲ್ಲೇ ಹುಟ್ಟುತ್ತದೆ. ಐದು ಮನೆಗಳಿದ್ದರೆ ಸಾಕು: ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಏಳಕ್ಕೆ, ಜನ ಸೇರುವ ಮುನ್ನ, ಪಾರ್ಕಿನಲ್ಲಿ ಒಂದು ಗಂಟೆ. ಅಣ್ಣ ತಂಗಿಯರನ್ನೂ ಕರೆತನ್ನಿ, ಅವರಿಗೂ ತಮ್ಮಂಥವರು ಸಿಗುತ್ತಾರೆ. ಗುಂಪಿನಲ್ಲಿ ಯಾರಾದರೂ ‘ಆಟಿಸಂ ಪೂರ್ತಿ ವಾಸಿ’ ಎಂಬ ಔಷಧಿ, ಸ್ಟೆಮ್ ಸೆಲ್ ಚಿಕಿತ್ಸೆಯ ಪ್ಯಾಕೇಜು ಹಂಚಿದರೆ ಅಲ್ಲೇ ತಡೆಯಿರಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲವೆಂದು ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲೇ ಹೇಳಿದೆ. ಹೊಲ, ಒಡವೆ ಮಾರಿ ಇದಕ್ಕೆ ಸುರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ನಿದ್ದೆ ಇಲ್ಲದೆ, ಅಳು ತಡೆಯಲಾಗದೆ ಇರುವ ಹೆತ್ತವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲಿರುಳೂ ಇದೆ, ಕನ್ನಡದಲ್ಲೂ ಮಾತಾಡಬಹುದು.

ಒಳಗೊಳ್ಳುವಿಕೆ ಶಾಲೆ, ಶಿಬಿರಗಳ ಮಾತಷ್ಟೇ ಆಗಿ ಉಳಿದರೆ ಸಾಲದು. ಈ ಕುಟುಂಬಗಳು ಮೊದಲು ಕೈಬಿಡುವುದು ಬಂಧುಗಳ ಮದುವೆಯನ್ನು. ಕರೆಯುವವರು ಮನಸ್ಸು ಮಾಡಿದರೆ ಅಲ್ಲಿ ಆಗಬೇಕಾದ ಬದಲಾವಣೆ ಬಹಳ ಸಣ್ಣದು. ಕಲ್ಯಾಣ ಮಂಟಪದ ಒಂದು ಕೋಣೆಯ ಬೀಗದ ಕೈ ಆ ಮನೆಯವರ ಕೈಯಲ್ಲಿರಲಿ. ಮುಹೂರ್ತದ ಸಮಯ ಸರಿಯಾಗಿ ತಿಳಿಸಿ. ಗಟ್ಟಿಮೇಳದ ಸದ್ದು ಇದ್ದಕ್ಕಿದ್ದಂತೆ ಎಗರುವುದರಿಂದ ಐದು ನಿಮಿಷ ಮೊದಲೇ ಮಗುವನ್ನು ಹೊರಗೆ ಕರೆದೊಯ್ಯಬಹುದು. ಕೆನ್ನೆ ಹಿಂಡುವ ಅತ್ತೆ ದೊಡ್ಡಮ್ಮಂದಿರಿಗೆ ದೂರದಿಂದಲೇ ಕೈ ಬೀಸಲು ಹೇಳಿ. ಮೊದಲ ಪಂಕ್ತಿ ಕೂರುವ ಮುನ್ನ, ಊಟದ ಹಾಲ್ ಖಾಲಿ ಇರುವಾಗ ಮಗುವಿಗೆ ಬಡಿಸಿಬಿಡಿ. ಬಿಳಿ ಅನ್ನ ಮೊಸರು ಮಾತ್ರ ತಿನ್ನುವ ಮಗುವಾದರೆ ಎಲೆಯ ಮೇಲೆ ಬೇರೇನೂ ಬಡಿಸಬಾರದೆಂದು ಬಡಿಸುವವರಿಗೆ ಮೊದಲೇ ತಿಳಿಸಿ. ಪಲ್ಯದ ಎಣ್ಣೆ ಹರಿದು ಅನ್ನಕ್ಕೆ ತಾಗಿದರೂ ಊಟ ಅಲ್ಲಿಗೆ ಮುಗಿಯಿತು. ಸಾಲಾಗಿ ಜೋಡಿಸುವುದೆಂದರೆ ಇಷ್ಟವಿರುವ ಹುಡುಗನಿಗೆ ತಾಂಬೂಲದ ಚೀಲಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಹತ್ತರಂತೆ ಸಾಲು ಮಾಡುವ ಕೆಲಸ ಕೊಡಿ, ಅದು ಅವನದೇ ಕೆಲಸವಾಗಿರಲಿ. ಚೀಲ ಇನ್ನೆಷ್ಟು ಉಳಿದಿವೆ ಎಂದು ತಿಳಿಯಬೇಕಾದವರು ಅವನನ್ನೇ ಕೇಳಲಿ.