ಕಾಲ ಬದಲಾದದ್ದಕ್ಕೆ ಕಲೆಯ ಮೇಲೆ ಗೂಬೆ

1937ರ ಜುಲೈ 19ರಂದು ಮ್ಯೂನಿಕ್‌ನಲ್ಲಿ ಒಂದು ಪ್ರದರ್ಶನ ಶುರುವಾಯಿತು. ಆಧುನಿಕ ಕಲೆಯ ಸುಮಾರು 650 ಕೃತಿಗಳು, ಎಲ್ಲವೂ ಜರ್ಮನಿಯ ಮ್ಯೂಸಿಯಂಗಳಿಂದಲೇ ಕಿತ್ತು ತಂದವು. ಇಕ್ಕಟ್ಟಾದ ಕೋಣೆಗಳಲ್ಲಿ ಒಂದರ ಪಕ್ಕ ಒಂದು ತುರುಕಿದ್ದರು. ಗೋಡೆ ತುಂಬ ಹೀಯಾಳಿಸುವ ಬರಹ. ಹೆಸರೇ 'ಕೆಟ್ಟುಹೋದ ಕಲೆ'. ದೇಶ ಕೆಟ್ಟದ್ದಕ್ಕೆ ಇಂಥ ಕಲೆಯೇ ಕಾರಣ ಅಂತ ಜನ ನೋಡಿ ಉಗಿಯಲಿ ಅನ್ನುವುದು ನಾಜಿ ಸರ್ಕಾರದ ಆಸೆ.

ಈ ಬೈಗುಳ ನಾಜಿಗಳು ಹುಟ್ಟಿಸಿದ್ದಲ್ಲ. 1892ರಲ್ಲೇ ಮ್ಯಾಕ್ಸ್ ನೋರ್ಡೌ ಎಂಬ ವೈದ್ಯ ಇಂಥದ್ದೇ ಪದವನ್ನು ತನ್ನ ಪುಸ್ತಕದ ಹೆಸರಾಗಿಸಿದ್ದ. ರೈಲು, ಪತ್ರಿಕೆ, ಗಿಜಿಗುಟ್ಟುವ ನಗರ, ಇವೆಲ್ಲ ಮನುಷ್ಯನ ನರಗಳನ್ನು ದಣಿಸಿಬಿಟ್ಟಿವೆ, ಹೊಸ ಕಲೆ ಆ ಕಾಯಿಲೆಯ ಲಕ್ಷಣ ಅಂತ ಅವನ ವಾದ. ಅವನು ಯಹೂದಿ. 45 ವರ್ಷಗಳ ನಂತರ ಅದೇ ಪದವನ್ನು ಯಹೂದಿಗಳ ವಿರುದ್ಧವೇ ಎತ್ತಿದರು. ವೈದ್ಯ ಕಾಯಿಲೆಯ ಲಕ್ಷಣ ಅಂದದ್ದು ರಾಜಕಾರಣಿಗಳ ಬಾಯಲ್ಲಿ ಕಾಯಿಲೆಯ ಕಾರಣವಾಯಿತು.

ಜನ ಯಾಕೆ ನಂಬಿದರು? 1918ರಲ್ಲಿ ಜರ್ಮನಿ ಮೊದಲ ಮಹಾಯುದ್ಧ ಸೋತಿತ್ತು. 1923ರಲ್ಲಿ ನೋಟಿಗೆ ಬೆಲೆಯೇ ಇಲ್ಲದಂತಾಯಿತು. ಆಮೇಲೆ ನಿರುದ್ಯೋಗ. ಇದಕ್ಕೆಲ್ಲ ಯಾರು ಹೊಣೆ ಅಂತ ಬಿಡಿಸಿ ಹೇಳುವುದು ಕಷ್ಟ. ಚಿತ್ರವಾದರೆ ಗೋಡೆ ಮೇಲೆ ಕಣ್ಣಿಗೆ ಕಾಣುತ್ತದೆ. ಕೆಳಗೆ ಸಹಿಯೂ ಇರುತ್ತದೆ.

ಆದರೆ ಆರೋಪಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಾಜಿಗಳು ಆಧುನಿಕ ಕಲೆಯನ್ನು ಬೋಲ್ಷೆವಿಕ್ಕರ, ಅಂದರೆ ರಷ್ಯಾದ ಕಮ್ಯುನಿಸ್ಟರ, ಸಂಚು ಅಂದರು. ಅದೇ ಕಾಲದಲ್ಲಿ ಬೋಲ್ಷೆವಿಕ್ಕರ ನಾಡಾದ ಸೋವಿಯತ್ ಒಕ್ಕೂಟದಲ್ಲಿ ಅದು ಬೂರ್ಜ್ವಾ ಕೊಳಕು, ಅಂದರೆ ಸಿರಿವಂತರ ಕೊಳಕು, ಅನ್ನಿಸಿಕೊಂಡಿತು. 1936ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷದ 'ಪ್ರಾವ್ದಾ' ಪತ್ರಿಕೆ ಸಂಗೀತಗಾರ ಶೋಸ್ತಕೋವಿಚ್‌ನ ಗೀತನಾಟಕದ ಮೇಲೆ ಹರಿಹಾಯ್ದಿತ್ತು. 1949ರಲ್ಲಿ ಅಮೆರಿಕದ ಸಂಸದ ಜಾರ್ಜ್ ಡೊಂಡೆರೊ ಇದೆಲ್ಲ ಕಮ್ಯುನಿಸ್ಟರ ಆಯುಧ ಅಂತ ಸದನದಲ್ಲೇ ಗುಡುಗಿದ. ವಿಷ ಕಲೆಯಲ್ಲೇ ಇದ್ದಿದ್ದರೆ ಮೂವರೂ ಅದಕ್ಕೆ ಒಂದೇ ಹೆಸರು ಹೇಳಬೇಕಿತ್ತು, ಅಲ್ವಾ? ಪ್ರತಿಯೊಬ್ಬರೂ ಅದರಲ್ಲಿ ಕಂಡದ್ದು ತಂತಮ್ಮ ಶತ್ರುವನ್ನು.

ಹಾಗಂತ ಕಲೆಗೆ ಶಕ್ತಿಯೇ ಇಲ್ಲ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅದು ಸುಮ್ನೆ ಅಲಂಕಾರವಾಗಿದ್ದರೆ ಯಾವ ಸರ್ಕಾರವೂ ಹೆದರುತ್ತಿರಲಿಲ್ಲ. ಎಲ್ಲರೂ ನೋಡಿಯೂ ನೋಡದ ಹಾಗೆ ದಾಟಿಹೋಗುವುದನ್ನು ಕಲೆ ನಿಲ್ಲಿಸಿ ತೋರಿಸುತ್ತದೆ. ನನ್ನ ಮಟ್ಟಿಗೆ ಅದರ ಅರ್ಥ ಇದೇ.

ಮ್ಯೂನಿಕ್‌ನ ಆ ಪ್ರದರ್ಶನದಲ್ಲಿ ಜರ್ಮನ್ ಚಿತ್ರಕಾರ ಓಟೋ ಡಿಕ್ಸ್ 1920ರಲ್ಲಿ ಬರೆದ ಒಂದು ಚಿತ್ರವೂ ಇತ್ತು. ಯುದ್ಧದಲ್ಲಿ ಅಂಗ ಕಳೆದುಕೊಂಡ ನಾಲ್ವರು ಸೈನಿಕರು ಬೀದಿಯಲ್ಲಿ ಸಾಗುತ್ತಿದ್ದಾರೆ. ಒಬ್ಬನಿಗೆ ಮರದ ಕಾಲು, ಇನ್ನೊಬ್ಬ ಗಾಲಿಕುರ್ಚಿಯಲ್ಲಿ. ಹಿಂದೆ ಚಪ್ಪಲಿ ಹೊಲಿಯುವವನ ಅಂಗಡಿ. ಡಿಕ್ಸ್ ಸ್ವತಃ ಮೆಷಿನ್‌ಗನ್ ಹಿಡಿದು ಆ ಯುದ್ಧದಲ್ಲಿ ಹೋರಾಡಿದವನು. ಅಂಥ ಸೈನಿಕರು ಆಗ ಜರ್ಮನಿಯ ಊರೂರಲ್ಲೂ ಇದ್ದರು. ಅವರ ಕಾಲು ಕಿತ್ತುಕೊಂಡದ್ದು ಯುದ್ಧ. ಸೈನಿಕರಿಗೆ ಅವಮಾನ ಮಾಡಿದ ಅನ್ನುವ ಆರೋಪ ಬಂದದ್ದು ಚಿತ್ರ ಬರೆದವನ ಮೇಲೆ. ಡ್ರೆಸ್ಡೆನ್ ಕಲಾ ಅಕಾಡೆಮಿಯ ಕೆಲಸದಿಂದ ಅವನನ್ನು 1933ರಲ್ಲೇ ತೆಗೆದುಹಾಕಿದ್ದರು.

ಆ ಚಿತ್ರ ಮತ್ತೆ ಸಿಗಲಿಲ್ಲ. ಅದೇ ದೃಶ್ಯವನ್ನು ಡಿಕ್ಸ್ ತಗಡಿನ ಮೇಲೆ ಕೊರೆದು ತೆಗೆದ ಅಚ್ಚುಗಳು ಮಾತ್ರ ಉಳಿದಿವೆ. ಅದರಲ್ಲಿ ಆ ನಾಲ್ವರು ಇವತ್ತಿಗೂ ಆ ಅಂಗಡಿಯ ಮುಂದೆ ಹಾದುಹೋಗುತ್ತಿದ್ದಾರೆ.